ತೋಟ ಕಾಯುತ್ತಿದ್ದ ಕಂಚಿನ ದೇವರು

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ, ಸೊಮ್ ನದಿಯ ದಂಡೆಯ ಮೇಲೆ, ಅಮಿಯೆನ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿಯ ಪಿಕಾರ್ಡಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ರೋಮನರ ಕಾಲದ ಒಂದು ಸಣ್ಣ ಕಂಚಿನ ವಿಗ್ರಹವಿದೆ. ಪಟ್ಟಣಕ್ಕೆ ಹೊಂದಿಕೊಂಡಿರುವ ರಿವೆರಿ ಎಂಬ ಊರಿನಲ್ಲಿ ೧೭೭೧ರಲ್ಲಿ ಅದು ದೊರೆಯಿತು. ಕ್ರಿಸ್ತಶಕದ ಮೊದಲನೆಯ ಶತಮಾನದ ಕೃತಿಯೆಂದು ವಿದ್ವಾಂಸರು ಅದನ್ನು ಎಣಿಸುತ್ತಾರೆ. ಮೊದಲ ನೋಟಕ್ಕೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಮ್ಮ ಮಲೆನಾಡಿನ ರೈತ ಮಳೆಗಾಲದಲ್ಲಿ ಹೊದೆಯುವ ಕಂಬಳಿಕೊಪ್ಪೆಯಂತಹ ಹೊದಿಕೆಯನ್ನು ತಲೆಯ ಮೇಲಿಂದ ಎಳೆದುಕೊಂಡು ನಿಂತ ಒಬ್ಬ ಮನುಷ್ಯ, ಅಷ್ಟೆ.

ಆದರೆ ಈ ವಿಗ್ರಹವನ್ನು ಎರಡು ಭಾಗಗಳಾಗಿ ಎರಕ ಹೊಯ್ದಿದ್ದಾರೆ. ಮೇಲಿನ ಭಾಗವನ್ನು, ಎಂದರೆ ತಲೆ ಮತ್ತು ಹೊದಿಕೆಯನ್ನು, ಮುಚ್ಚಳದಂತೆ ಎತ್ತಿ ತೆಗೆಯಬಹುದು. ಹಾಗೆ ತೆಗೆದಾಗ ಒಳಗೆ ಕಾಣುವುದು ಮುಖವಲ್ಲ, ಮೈಯೂ ಅಲ್ಲ. ಪುರುಷನ ಜನನೇಂದ್ರಿಯದ ದೊಡ್ಡದೊಂದು ಆಕೃತಿ. ಇದನ್ನು ಕಂಡ ಕೂಡಲೆ ಒಬ್ಬರಿಗೆ ನಗು ಬರಬಹುದು, ಇನ್ನೊಬ್ಬರಿಗೆ ನಾಚಿಕೆಯಾಗಬಹುದು. ಕಳೆದ ಇನ್ನೂರೈವತ್ತು ವರ್ಷಗಳಲ್ಲಿ ಇಂತಹ ವಿಗ್ರಹಗಳನ್ನು ನೋಡಿದ ಯೂರೋಪಿನ ಬಹುಮಂದಿಗೆ ಈ ಎರಡೂ ಆದವು. ಅವುಗಳನ್ನು ಮಾಡಿಸಿದವರು ಯಾರು, ಯಾವ ಉದ್ದೇಶಕ್ಕಾಗಿ ಮನೆಯಲ್ಲಿಯೂ ತೋಟದಲ್ಲಿಯೂ ಇರಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಮಾತ್ರ ತಡವಾಯಿತು. ಆ ಉತ್ತರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು.

ಈ ವಿಗ್ರಹವನ್ನು ಸಾಮಾನ್ಯವಾಗಿ ಪ್ರಿಯಾಪಸ್ ಎಂಬ ದೇವತೆಯದೆಂದು ಗುರುತಿಸುತ್ತಾರೆ. ಪ್ರಿಯಾಪಸ್ ಮೂಲತಃ ರೋಮಿನವನಲ್ಲ. ಏಷ್ಯಾ ಮೈನರಿನ ವಾಯವ್ಯ ಮೂಲೆಯಲ್ಲಿ, ಡಾರ್ಡನೆಲ್ಸ್ ಜಲಸಂಧಿಯ ತೀರದಲ್ಲಿದ್ದ ಲ್ಯಾಂಪ್ಸಕಸ್ ಎಂಬ ಗ್ರೀಕ್ ಪಟ್ಟಣ ಅವನ ತೌರು. ಇಂದು ಅದು ತುರ್ಕಿ ದೇಶದಲ್ಲಿದೆ. ಲಾಪ್ಸೆಕಿ ಎಂದು ಹೆಸರು. ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿದ್ದ ಭೂಗೋಳಶಾಸ್ತ್ರಜ್ಞ ಸ್ಟ್ರೇಬೋ, ಪ್ರಿಯಾಪಸ್ ಹಳಬ ದೇವರಲ್ಲವೆಂದೂ, ಪ್ರಾಚೀನ ಕವಿ ಹೆಸಿಯಡನಿಗೆ ಅವನ ಪರಿಚಯವೇ ಇರಲಿಲ್ಲವೆಂದೂ ಬರೆದಿದ್ದಾನೆ. ಆ ಸೀಮೆಯಲ್ಲಿ ದ್ರಾಕ್ಷಿ ಹೇರಳವಾಗಿ ಬೆಳೆಯುತ್ತಿದ್ದುದರಿಂದ ಜನ ಅವನನ್ನು ಪೂಜಿಸತೊಡಗಿದರೆಂದು ಅವನ ಊಹೆ. ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್, ಲ್ಯಾಂಪ್ಸಕಸಿನವರು ಉಳಿದೆಲ್ಲ ದೇವತೆಗಳಿಗಿಂತಲೂ ಇವನನ್ನೇ ಹೆಚ್ಚು ಮಾನ್ಯ ಮಾಡುತ್ತಿದ್ದರೆಂದು ಹೇಳುತ್ತಾನೆ. ಮದ್ಯದ ದೇವತೆಯಾದ ಡಯೊನೈಸಸ್ ಅವನ ತಂದೆ, ಪ್ರೇಮದೇವತೆಯಾದ ಆಫ್ರೊಡೈಟಿ ಅವನ ತಾಯಿ ಎಂಬುದು ಅವರ ನಂಬಿಕೆ.

ತಂದೆತಾಯಿಗಳು ಇಷ್ಟು ದೊಡ್ಡವರಾದರೂ ಮಗನ ಹಣೆಬರಹ ಚೆನ್ನಾಗಿರಲಿಲ್ಲ. ದೇವರಾಣಿ ಹೀರಾ ಅಸೂಯೆಯಿಂದ ಗರ್ಭಿಣಿಯ ಹೊಟ್ಟೆಯನ್ನು ಮುಟ್ಟಿದಳಂತೆ. ಅದರಿಂದ ಮಗು ವಿಕಾರವಾಗಿ ಹುಟ್ಟಿತಂತೆ. ಆ ವಿಕಾರವೇ ಅವನ ಲಾಂಛನವಾಯಿತು. ಅವನಿಗೆ ಕತ್ತೆಯನ್ನು ಬಲಿಕೊಡುವ ಪದ್ಧತಿಯಿತ್ತು. ಅದಕ್ಕೆ ಕವಿ ಓವಿಡ್ ಒಂದು ವಿನೋದದ ಕಥೆಯನ್ನೂ ಹೇಳಿದ್ದಾನೆ. ನಿದ್ರಿಸುತ್ತಿದ್ದ ಒಬ್ಬ ಅಪ್ಸರೆಯ ಬಳಿಗೆ ಪ್ರಿಯಾಪಸ್ ಕಳ್ಳಹೆಜ್ಜೆಯಿಟ್ಟು ಹೋಗುತ್ತಿದ್ದಾಗ ಕತ್ತೆಯೊಂದು ಗಟ್ಟಿಯಾಗಿ ಅರಚಿತು. ಅಪ್ಸರೆ ಎಚ್ಚತ್ತು ಓಡಿಹೋದಳು. ದೇವತೆಗಳೆಲ್ಲ ಬಿದ್ದು ಬಿದ್ದು ನಕ್ಕರು. ಪ್ರಿಯಾಪಸನ ಕಥೆಗಳೆಲ್ಲ ಹೀಗೆಯೆ. ದೇವತೆಗಳ ಸಭೆಯಲ್ಲಿ ಅವನದು ನಗೆಗೀಡಾಗುವ ಪಾತ್ರ.

ಗ್ರೀಕರಿಂದ ಈ ದೇವರು ಇಟಲಿಗೆ ಬಂದ. ಅಲ್ಲಿ ಅವನಿಗೆ ಒಂದು ಖಾಯಂ ಉದ್ಯೋಗ ಸಿಕ್ಕಿತು. ತೋಟ ಕಾಯುವ ಉದ್ಯೋಗ. ರೋಮನ್ ಕುಟುಂಬಕ್ಕೆ ಮನೆಯ ಹಿಂದಿನ ತೋಟ ಎಂದರೆ ಬರಿಯ ಶೋಭೆಯ ಸ್ಥಳವಾಗಿರಲಿಲ್ಲ. ಎಲೆಕೋಸು, ಈರುಳ್ಳಿ, ಸೊಪ್ಪು, ಅಂಜೂರ, ದ್ರಾಕ್ಷಿ ಮುಂತಾದ ನಿತ್ಯದ ಆಹಾರ ಅಲ್ಲಿಂದ ಬರಬೇಕು. ಬಡವನಿಗಂತೂ ಅದೇ ಸಂತೆ, ಅದೇ ಕಣಜ. ಆ ತೋಟಕ್ಕೆ ಮೂರು ಕಡೆಯಿಂದ ಭಯ. ಹಗಲು ಹಕ್ಕಿಗಳು, ರಾತ್ರಿ ಕಳ್ಳರು, ಎಲ್ಲ ಹೊತ್ತಿನಲ್ಲಿಯೂ ನೆರೆಯವರ ಕೆಟ್ಟ ದೃಷ್ಟಿ. ಈ ಮೂರನ್ನೂ ತಡೆಯುವ ಹೊಣೆ ಪ್ರಿಯಾಪಸನದು.

ತೋಟದ ಪ್ರಿಯಾಪಸನನ್ನು ಸಾಮಾನ್ಯವಾಗಿ ಮರದಲ್ಲಿ ಕೆತ್ತುತ್ತಿದ್ದರು. ಒಳ್ಳೆಯ ಮರವೂ ಬೇಕಾಗಿರಲಿಲ್ಲ. ಬೇರೆ ಕೆಲಸಕ್ಕೆ ಬಾರದ ಅಂಜೂರದ ಕಾಂಡವೇ ಸಾಕು. ಒರಟಾಗಿ ಕಡಿದು, ಕೆಂಪು ಬಣ್ಣ ಬಳಿದು, ಕೈಗೆ ಒಂದು ಕುಡುಗೋಲು ಕೊಟ್ಟು ನಿಲ್ಲಿಸುತ್ತಿದ್ದರು. ಹಕ್ಕಿಗಳು ಬೆದರಲೆಂದು ತಲೆಯ ಮೇಲೆ ಒಂದು ಜೊಂಡಿನ ಕಡ್ಡಿಯನ್ನು ಸಿಕ್ಕಿಸುವುದೂ ಉಂಟು. ಎಂದರೆ ಅವನು ಅರ್ಧ ದೇವರು, ಅರ್ಧ ಬೆದರುಬೊಂಬೆ. ಕವಿ ವರ್ಜಿಲ್ ತನ್ನ ಕೃಷಿಕಾವ್ಯದಲ್ಲಿ ಜೇನುಗೂಡುಗಳಿರುವ ತೋಟದ ಕಾವಲಿಗೆ ಇವನನ್ನೇ ನೇಮಿಸುತ್ತಾನೆ. ತೋಟಗಾರಿಕೆಯನ್ನು ಕುರಿತು ಬರೆದ ಕೊಲುಮೆಲ್ಲ ಎಂಬ ಗ್ರಂಥಕಾರನಂತೂ, ಹೆಸರಾಂತ ಶಿಲ್ಪಿಗಳ ವಿಗ್ರಹಗಳು ತೋಟಕ್ಕೆ ಬೇಡ, ಹಳೆಯ ಮರದಲ್ಲಿ ಕಡಿದ ಪ್ರಿಯಾಪಸ್ ಇದ್ದರೆ ಆಯಿತು ಎಂಬ ಅಭಿಪ್ರಾಯ ಕೊಡುತ್ತಾನೆ.

ಇವನನ್ನು ಕುರಿತ ಅತ್ಯಂತ ಸ್ವಾರಸ್ಯದ ಪ್ರಸಂಗ ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಕವಿ ಹೊರೇಸನಲ್ಲಿದೆ. ಅಲ್ಲಿ ಕಥೆ ಹೇಳುವವನು ಪ್ರಿಯಾಪಸನೇ. ಬಡಗಿ ಅಂಜೂರದ ತುಂಡನ್ನು ಮುಂದಿಟ್ಟುಕೊಂಡು, ಇದನ್ನು ಮಣೆ ಮಾಡಲೋ ದೇವರು ಮಾಡಲೋ ಎಂದು ಯೋಚಿಸಿ, ಕೊನೆಗೆ ದೇವರನ್ನು ಮಾಡಿದನಂತೆ. ಅವನನ್ನು ರೋಮಿನ ಎಸ್ಕ್ವಿಲೈನ್ ಗುಡ್ಡದ ಮೇಲೆ ನಿಲ್ಲಿಸಿದರು. ಹಿಂದೆ ಅದು ಬಡವರನ್ನು ಹೂಳುತ್ತಿದ್ದ ಸ್ಥಳ. ಆಗ ತಾನೆ ಮೆಸೀನಸ್ ಎಂಬ ಶ್ರೀಮಂತನ ಉದ್ಯಾನವಾಗಿತ್ತು. ಒಂದು ರಾತ್ರಿ ಇಬ್ಬರು ಮಾಟಗಾತಿಯರು ಬಂದು ಮೂಳೆ ಆಯ್ದು, ನೆಲ ಕೆದಕಿ, ಮಾಟ ಹೂಡಿದರು. ಕಾವಲಿನ ದೇವರು ಅದನ್ನು ನೋಡಿ ಹೆದರಿಹೋದ. ಆ ಹೆದರಿಕೆಯಲ್ಲಿ ಅವನ ಮರದ ಹಿಂಭಾಗ ಫಟ್ಟನೆ ಸೀಳಿತು. ಆ ಸದ್ದಿಗೆ ಮಾಟಗಾತಿಯರು ತಮ್ಮ ಹಲ್ಲುಕಟ್ಟು, ಕಟ್ಟುಗೂದಲು ಎಲ್ಲವನ್ನೂ ಬೀಳಿಸಿಕೊಂಡು ಪಟ್ಟಣದ ಕಡೆಗೆ ಓಡಿದರು. ಕಾವಲಿನ ಕೆಲಸವಂತೂ ಆಯಿತು. ಈ ಕಥೆಯನ್ನು ಓದಿ ನಕ್ಕ ರೋಮನನು ಮರುದಿನ ತನ್ನ ತೋಟದ ಪ್ರಿಯಾಪಸನಿಗೆ ಹೂವಿಡುವುದನ್ನು ಬಿಡುತ್ತಿರಲಿಲ್ಲ. ದೇವರನ್ನು ನಗಿಸಿಯೂ ನಂಬುವ ಸಲಿಗೆ ಅವರಲ್ಲಿತ್ತು. ಪ್ರಿಯಾಪಸನ ಬಾಯಲ್ಲಿಯೋ ಅವನ ಹೆಸರಿನಲ್ಲಿಯೋ ಬರೆದ ಸುಮಾರು ೮೦ ಚಿಕ್ಕ ಲ್ಯಾಟಿನ್ ಪದ್ಯಗಳ ಒಂದು ಸಂಕಲನವೇ ಉಳಿದು ಬಂದಿದೆ. ಅವುಗಳಲ್ಲಿ ಬಹುಪಾಲು ಪೋಲಿ ಮಾತುಗಳು. ಕಳ್ಳರಿಗೆ ಹಾಕುವ ಬೆದರಿಕೆಗಳು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಕಾವಲುಗಾರನಿಗೆ ಕುಡುಗೋಲು ಸರಿ; ಆ ಇನ್ನೊಂದು ಲಾಂಛನ ಏಕೆ? ಒಂದು ಕಾರಣ ಸ್ಪಷ್ಟವಾಗಿಯೇ ಇದೆ. ಗಿಡ ಕಾಯಿಬಿಡುವುದು, ಕುರಿ ಮರಿಹಾಕುವುದು, ಮನೆಯಲ್ಲಿ ಮಗು ಹುಟ್ಟುವುದು, ಇವೆಲ್ಲ ಒಂದೇ ಶಕ್ತಿಯ ಕೆಲಸ ಎಂದು ಅವರು ತಿಳಿದಿದ್ದರು. ಆ ಶಕ್ತಿಯ ಗುರುತು ಅದು. ಎರಡನೆಯ ಕಾರಣ ನಮಗೆ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ರೋಮನರು ಆ ಚಿಹ್ನೆಯನ್ನು ದೃಷ್ಟಿ ತಾಗದಂತೆ ತಡೆಯುವ ರಕ್ಷೆ ಎಂದು ನಂಬಿದ್ದರು. ಅದಕ್ಕೆ ಫ್ಯಾಸಿನಮ್ ಎಂದು ಹೆಸರು. ಅಸೂಯೆಯ ಕಣ್ಣು ಮೊದಲು ಅದರ ಮೇಲೆ ಬಿದ್ದು, ನಗೆಯಾಗಿ ಕರಗಿ, ತನ್ನ ವಿಷವನ್ನು ಕಳೆದುಕೊಳ್ಳುತ್ತದೆ ಎಂಬ ಭಾವನೆಯಿಂದ ಇದು ಹುಟ್ಟಿದಂತೆ ತೋರುತ್ತದೆ.

ಈ ನಂಬಿಕೆ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಪ್ಲಿನಿ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ. ಕ್ರಿಸ್ತಶಕ ೭೯ರಲ್ಲಿ ವೆಸೂವಿಯಸ್ ಪರ್ವತ ಬೆಂಕಿಯುಗುಳಿದಾಗ ಸತ್ತವನು ಇವನೇ. ಈ ರಕ್ಷೆಯು ಎಳೆಯ ಮಕ್ಕಳನ್ನು ಕಾಯುತ್ತದೆ, ದಂಡನಾಯಕರನ್ನೂ ಕಾಯುತ್ತದೆ, ಅಗ್ನಿಯನ್ನು ಕಾಪಾಡುವ ವೆಸ್ಟಾ ದೇವಿಯ ಕನ್ಯೆಯರು ಇದನ್ನು ಪೂಜಿಸುತ್ತಾರೆ, ಯುದ್ಧ ಗೆದ್ದು ಬಂದ ಸೇನಾಪತಿಯ ವಿಜಯರಥದ ಕೆಳಗೆ ಇದನ್ನು ತೂಗಹಾಕುತ್ತಾರೆ ಎಂದು ಅವನು ಹೇಳುತ್ತಾನೆ. ತೋಟಗಳಲ್ಲಿ ಇಂತಹ ವಿಗ್ರಹಗಳನ್ನು ನಿಲ್ಲಿಸುವುದು ಅಸೂಯೆಗಾರರ ದೃಷ್ಟಿಗೆ ಮದ್ದಾಗಿ ಎಂಬ ಮಾತೂ ಅವನಲ್ಲಿಯೇ ಇದೆ. ಅಗೆತಗಳಲ್ಲಿ ಸಿಕ್ಕಿದ ವಸ್ತುಗಳು ಅವನ ಮಾತನ್ನು ಸಮರ್ಥಿಸುತ್ತವೆ. ಮಕ್ಕಳ ಕೊರಳಿಗೆ ಕಟ್ಟುವ ಕಿರುತಾಳಿಗಳು, ಕುದುರೆಯ ಜೀನಿನ ಅಲಂಕಾರಗಳು, ಅಂಗಡಿಯ ಬಾಗಿಲಿಗೆ ತೂಗುಹಾಕುವ ಗಂಟೆಗೊಂಚಲುಗಳು, ದೀಪಗಳು, ಬೀದಿಯ ಗೋಡೆಯ ಕಲ್ಲುಗಳು, ಇವುಗಳ ಮೇಲೆಲ್ಲ ಅದೇ ಚಿಹ್ನೆ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವ ತಾಯಿಯ ಮನಸ್ಸಿನಲ್ಲಿ ಏನಿರುತ್ತದೆಯೋ ಅದೇ ಆ ರೋಮನ್ ತಾಯಿಯ ಮನಸ್ಸಿನಲ್ಲಿಯೂ ಇತ್ತು.

ಇದಕ್ಕೆ ಒಳ್ಳೆಯ ನಿದರ್ಶನ ಪಾಂಪೇ ನಗರದ ವೆಟ್ಟಿಯರ ಮನೆಯಲ್ಲಿದೆ. ೧೮೯೪–೯೫ರಲ್ಲಿ ಅಗೆದು ತೆಗೆದ ಈ ಮನೆಯ ಯಜಮಾನರು ದಾಸ್ಯದಿಂದ ಬಿಡುಗಡೆ ಹೊಂದಿ ಸಿರಿವಂತರಾದ ಇಬ್ಬರು ವೆಟ್ಟಿಯಸರೆಂದು ಎಣಿಸುತ್ತಾರೆ. ಮುಂಬಾಗಿಲಲ್ಲಿ ಕಾಲಿಟ್ಟೊಡನೆ ಗೋಡೆಯ ಮೇಲೆ ಪ್ರಿಯಾಪಸನ ಚಿತ್ರ. ಅವನು ತಕ್ಕಡಿಯಲ್ಲಿ ತನ್ನ ಲಾಂಛನವನ್ನು ಒಂದು ಹಣದ ಚೀಲಕ್ಕೆ ಸರಿತೂಗುತ್ತಿದ್ದಾನೆ. ಕಾಲ ಬಳಿ ಹಣ್ಣಿನ ಬುಟ್ಟಿ. ಸಂತಾನ, ಸಂಪತ್ತು, ಫಲ, ಮೂರೂ ಈ ಮನೆಯಲ್ಲಿ ತುಂಬಿದೆ. ಒಳಗೆ ಬರುವವರೆ, ನಿಮ್ಮ ಕಣ್ಣು ಇಲ್ಲಿಯೇ ತಂಗಲಿ ಎಂಬ ಅರ್ಥ. ಹೊಸದಾಗಿ ಮೇಲೆ ಬಂದವರಿಗೆ ನೆರೆಯವರ ಕಣ್ಣಿನ ಭಯ ಹೆಚ್ಚಲ್ಲವೆ? ಬಂದುಹೋಗುವ ನೆಂಟರು, ವ್ಯಾಪಾರಿಗಳು, ಹೆಂಗಸರು, ಮಕ್ಕಳು ಎಲ್ಲರೂ ಆ ಚಿತ್ರದ ಎದುರಿನಲ್ಲೇ ಹಾದುಹೋಗುತ್ತಿದ್ದರು. ಬಚ್ಚಿಡಬೇಕಾದ ವಸ್ತುವೆಂದು ಅದನ್ನು ಯಾರೂ ತಿಳಿಯಲಿಲ್ಲ.

ಪ್ರಿಯಾಪಸನ ಪೂಜೆಯೂ ಅವನ ಅಂತಸ್ತಿಗೆ ತಕ್ಕಂತೆ ಸರಳವಾಗಿತ್ತು. ವಸಂತದಲ್ಲಿ ಹೂವು, ಬೇಸಗೆಯಲ್ಲಿ ತೆನೆ, ಮುಂದೆ ದ್ರಾಕ್ಷಿ. ವರ್ಜಿಲನ ಒಬ್ಬ ಕುರುಬನಂತೂ ತನ್ನ ತೋಟ ಬಡ ತೋಟವಾದ್ದರಿಂದ ವರ್ಷಕ್ಕೊಮ್ಮೆ ಒಂದು ಬಟ್ಟಲು ಹಾಲು, ನಾಲ್ಕು ರೊಟ್ಟಿಯಷ್ಟರಲ್ಲಿಯೇ ತೃಪ್ತನಾಗೆಂದು ಅವನಿಗೆ ಹೇಳುತ್ತಾನೆ. ಸಮುದ್ರತೀರದಲ್ಲಿ ಅವನು ಬಂದರು ಕಾಯುವ ದೇವರೂ ಆಗಿದ್ದ. ಚಳಿಗಾಲದಲ್ಲಿ ನಿಂತಿದ್ದ ಹಡಗುಗಳಿಗೆ, ವಸಂತ ಬಂದಿತು, ಲಂಗರೆತ್ತಿ ಹೊರಡಿ ಎಂದು ಹೇಳುವವನು ಅವನೇ ಎಂದು ಗ್ರೀಕ್ ಕವಿಗಳು ವರ್ಣಿಸಿದ್ದಾರೆ. ಈಗಿನ ರುಮೇನಿಯಾದಲ್ಲಿದ್ದ ಅಪುಲುಮ್ ಎಂಬ ರೋಮನ್ ಪಟ್ಟಣದಲ್ಲಿ ಕ್ರಿಸ್ತಶಕ ೨೩೫ರಲ್ಲಿ ಪಟ್ಟಣದ ಅಧಿಕಾರಿಗಳಿಬ್ಬರು ಪ್ರಿಯಾಪಸನಿಗೆ ಅರ್ಪಿಸಿದ ಶಿಲಾಶಾಸನವೊಂದು ದೊರೆತಿದೆ. ಪೋಲಿ ಪದ್ಯಗಳ ನಾಯಕನಿಗೆ ಗಂಭೀರ ಭಕ್ತರೂ ಇದ್ದರೆಂಬುದಕ್ಕೆ ಅದು ಸಾಕ್ಷಿ.

ಮರದ ಪ್ರಿಯಾಪಸರು ಮಳೆಗೆ ನೆನೆದು, ಗೆದ್ದಲು ತಿಂದು, ಸೌದೆಯಾಗಿ ಉರಿದು ಹೋದರು. ಉಳಿದವರು ಕಲ್ಲಿನವರು, ಕಂಚಿನವರು. ಕಂಚಿನ ಸಣ್ಣ ವಿಗ್ರಹಗಳು ಹೆಚ್ಚಾಗಿ ಮನೆಯೊಳಗಿನವು. ರೋಮನರ ಮನೆಗಳಲ್ಲಿ ಲಾರಾರಿಯಮ್ ಎಂಬ ದೇವರಗೂಡು ಇರುತ್ತಿತ್ತು. ಅದರಲ್ಲಿ ಮನೆಯನ್ನು ಕಾಯುವ ದೇವತೆಗಳ ಜೊತೆಗೆ ಯಜಮಾನನಿಗೆ ಇಷ್ಟವಾದ ಇತರ ದೇವತೆಗಳ ಪುಟ್ಟ ಕಂಚಿನ ಪ್ರತಿಮೆಗಳನ್ನೂ ಇಟ್ಟು ಧೂಪ ಹಾಕುತ್ತಿದ್ದರು.

ಇವುಗಳನ್ನು ಮಾಡುವ ವಿಧಾನ ನಮಗೆ ಅಪರಿಚಿತವಲ್ಲ. ಮೊದಲು ಮೇಣದಲ್ಲಿ ಬೊಂಬೆಯನ್ನು ತಿದ್ದಿ, ಅದಕ್ಕೆ ನಯವಾದ ಜೇಡಿಮಣ್ಣನ್ನು ಮೆತ್ತಿ ಒಣಗಿಸುತ್ತಾರೆ. ಕಾಯಿಸಿದಾಗ ಮೇಣ ಕರಗಿ ರಂಧ್ರದ ಮೂಲಕ ಹರಿದುಹೋಗುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ತಾಮ್ರ, ಒಂದು ಪಾಲು ತವರ ಬೆರೆಸಿ, ಸಾವಿರ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಕರಗಿಸಿದ ಕಂಚನ್ನು ಆ ಟೊಳ್ಳಿಗೆ ಹೊಯ್ಯುತ್ತಾರೆ. ರೋಮನರು ಅನೇಕ ವೇಳೆ ಇದಕ್ಕೆ ಸೀಸವನ್ನೂ ಸೇರಿಸುತ್ತಿದ್ದರು. ಆಗ ಎರಕ ಸರಾಗವಾಗಿ ಹರಿಯುತ್ತದೆ. ಆರಿದ ಮೇಲೆ ಮಣ್ಣನ್ನು ಒಡೆದರೆ ವಿಗ್ರಹ. ಒಳಗೆ ಟೊಳ್ಳಾಗಬೇಕಾದರೆ ಮಣ್ಣಿನ ತಿರುಳಿನ ಮೇಲೆ ಮೇಣವನ್ನು ತೆಳುವಾಗಿ ಹಚ್ಚುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಗ್ರಂಥದಲ್ಲಿ ವಿವರಿಸಿರುವುದು ಈ ವಿಧಾನವನ್ನೇ.

ಕಂಚಿನ ಪ್ರಿಯಾಪಸನನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ಗಡ್ಡ ಬಿಟ್ಟಿರುತ್ತಾನೆ. ಅನೇಕ ವೇಳೆ ಬೆನ್ನನ್ನು ಹಿಂದಕ್ಕೆ ಬಾಗಿಸಿ ನಿಂತಿರುತ್ತಾನೆ. ಉದ್ದನೆಯ ಅಂಗಿಯ ಮುಂಭಾಗವನ್ನು ಎತ್ತಿ ಹಿಡಿದು ಮಡಿಲು ಮಾಡಿಕೊಂಡಿರುತ್ತಾನೆ. ಆ ಮಡಿಲ ತುಂಬ ಹಣ್ಣುಗಳು. ಕೆಲವು ಪ್ರತಿಮೆಗಳಲ್ಲಿ ಹಣ್ಣುಗಳ ಜೊತೆಗೆ ಪುಟ್ಟ ಮಕ್ಕಳೂ ಇರುವುದುಂಟು. ನೋಡುವವನು ಮೊದಲು ಲಾಂಛನವನ್ನು ನೋಡಿಬಿಡುವುದರಿಂದ ಮಡಿಲು ತುಂಬಿದ ಹಣ್ಣು ಅವನ ಕಣ್ಣಿಗೆ ಬೀಳದೆ ಹೋಗುವುದೇ ಹೆಚ್ಚು. ವಿಗ್ರಹವನ್ನು ಮಾಡಿದವನು ಕಾಣಿಸಬೇಕೆಂದು ಬಯಸಿದುದು ಎರಡನ್ನೂ ಒಟ್ಟಿಗೆ.

ಈಗ ರಿವೆರಿಯ ವಿಗ್ರಹಕ್ಕೆ ಬರೋಣ. ಅದರ ಮಡಿಲಲ್ಲಿ ಹಣ್ಣಿಲ್ಲ. ಮೈ ತುಂಬ ಕೊಪ್ಪೆಯಿದೆ. ಈ ಕೊಪ್ಪೆಗೆ ಕುಕುಲ್ಲಸ್ ಎಂದು ಹೆಸರು. ಅದು ಗಾಲ್ ಸೀಮೆಯ, ಎಂದರೆ ಹಳೆಯ ಫ್ರಾನ್ಸಿನ, ಚಳಿಮಳೆಯ ಉಡುಪು. ಆ ಪ್ರಾಂತಗಳಲ್ಲಿ ಕೊಪ್ಪೆ ಹೊದ್ದ ಕಿರುದೇವತೆಗಳೇ ಇದ್ದರು. ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಬಳಿ ಹೌಸ್‌ಸ್ಟೆಡ್ಸ್ ಎಂಬಲ್ಲಿ ಸಿಕ್ಕಿದ ಒಂದು ಶಿಲ್ಪದಲ್ಲಿ ಅಂತಹ ಮೂವರು ಸಾಲಾಗಿ ನಿಂತಿದ್ದಾರೆ. ಅವರೂ ಸಮೃದ್ಧಿಯ, ಮನೆಯ ಕ್ಷೇಮದ ದೇವತೆಗಳು. ಆದ್ದರಿಂದ ರಿವೆರಿಯ ವಿಗ್ರಹ ಪ್ರಿಯಾಪಸನೋ ಅಥವಾ ಕೊಪ್ಪೆಯ ದೇವತೆಯೋ ಎಂಬ ಚರ್ಚೆ ಇದೆ. ಇಬ್ಬರೂ ಕೂಡಿಕೊಂಡ ರೂಪ ಎಂದು ತಿಳಿದರೆ ಅಸಂಗತವೇನೂ ಅಲ್ಲ. ರೋಮನರು ಹೋದ ಕಡೆಯಲ್ಲೆಲ್ಲ ಅವರ ದೇವತೆಗಳು ಸ್ಥಳದ ದೇವತೆಗಳೊಡನೆ ಬೆರೆಯುತ್ತಿದ್ದರು. ತುರ್ಕಿಯ ತೀರದಲ್ಲಿ ದ್ರಾಕ್ಷಿಯ ನಡುವೆ ಹುಟ್ಟಿದವನು ಉತ್ತರದ ಮಳೆನಾಡಿಗೆ ಬಂದಾಗ ಕೊಪ್ಪೆ ಹೊದ್ದದ್ದು ನ್ಯಾಯವೇ.

ಸ್ಥಳವೂ ಇಂತಹ ದೇವರಿಗೆ ತಕ್ಕದಾಗಿದೆ. ರೋಮನರ ಕಾಲದಲ್ಲಿ ಅಮಿಯೆನ್ ಪಟ್ಟಣಕ್ಕೆ ಸಮರೊಬ್ರೀವ ಎಂದು ಹೆಸರು. ಸೊಮ್ ನದಿಯ ಸೇತುವೆ ಎಂದರ್ಥ. ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ ೫೪ರ ಚಳಿಗಾಲವನ್ನು ಅಲ್ಲಿ ಕಳೆದ. ಅಮಿಯೆನ್, ರಿವೆರಿ ಮತ್ತು ನೆರೆಯ ಊರುಗಳ ಜೌಗು ನೆಲದಲ್ಲಿ ಕಾಲುವೆಗಳ ನಡುವೆ ತೇಲುವಂತೆ ಕಾಣುವ ತರಕಾರಿ ತೋಟಗಳು ಇಂದಿಗೂ ಇವೆ. ಅವಕ್ಕೆ ಓರ್ತಿಯೊನಾಜ್ ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ತೋಟ ಎಂಬರ್ಥದ ಹೊರ್ಟುಸ್ ಎಂಬ ಲ್ಯಾಟಿನ್ ಪದದಿಂದ.

ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದ. ದೇಗುಲಗಳು ಮುಚ್ಚಿದವು. ಆದರೆ ಮಗು ಬೇಕೆಂಬ, ಬೆಳೆ ಬರಲೆಂಬ ಹರಕೆಯನ್ನು ಆಜ್ಞೆ ಹೊರಡಿಸಿ ನಿಲ್ಲಿಸಲಾಗುವುದಿಲ್ಲ. ೧೭೮೧ರಲ್ಲಿ ನೇಪಲ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಸರ್ ವಿಲಿಯಂ ಹ್ಯಾಮಿಲ್ಟನ್ ಒಂದು ಸ್ವಾರಸ್ಯದ ಪತ್ರ ಬರೆದ. ದಕ್ಷಿಣ ಇಟಲಿಯ ಇಸರ್ನಿಯ ಎಂಬ ಊರಿನಲ್ಲಿ ಸಂತ ಕಾಸ್ಮಸ್ ಮತ್ತು ಸಂತ ಡೇಮಿಯನರ ಜಾತ್ರೆಯಲ್ಲಿ, ಮಕ್ಕಳ ಭಾಗ್ಯ ಬೇಡುವ ಹೆಂಗಸರು ಮೇಣದಲ್ಲಿ ಮಾಡಿದ ಅದೇ ಚಿಹ್ನೆಯನ್ನು ಕೊಂಡು ಚರ್ಚಿನಲ್ಲಿ ಅರ್ಪಿಸುತ್ತಿದ್ದರೆಂದು ಅದರಲ್ಲಿ ತಿಳಿಸಿದ. ಆ ಮೇಣದ ಕಾಣಿಕೆಗಳಲ್ಲಿ ಕೆಲವನ್ನು ತಂದು ಬ್ರಿಟಿಷ್ ಮ್ಯೂಜಿಯಮಿಗೂ ಕೊಟ್ಟ.

ಈ ಪತ್ರವನ್ನು ಮುಂದಿಟ್ಟುಕೊಂಡು ರಿಚರ್ಡ್ ಪೇನ್ ನೈಟ್ ಎಂಬ ಇಂಗ್ಲಿಷ್ ವಿದ್ವಾಂಸ ಪ್ರಿಯಾಪಸನ ಆರಾಧನೆಯನ್ನು ಕುರಿತು ಒಂದು ಗ್ರಂಥ ಬರೆದ. ೧೭೮೬ರಲ್ಲಿ ಮುದ್ರಣವಾದ ಅದನ್ನು ಒಂದು ಸಂಘದ ಸದಸ್ಯರಲ್ಲಿ ಮಾತ್ರ ಹಂಚಿದರು. ಆದರೂ ದೊಡ್ಡ ಗದ್ದಲವಾಯಿತು. ನೈಟ್ ನಾಚಿಕೆಯಿಂದ ಮುಖ ತಿರುಗಿಸಲಿಲ್ಲ. ಅದು ಅವನ ದೊಡ್ಡ ಗುಣ. ಕಂಚಿನ ಸಣ್ಣ ವಿಗ್ರಹಗಳನ್ನು ಪ್ರೀತಿಯಿಂದ ಕೂಡಿಸಿಟ್ಟು, ೧೮೨೪ರಲ್ಲಿ ತೀರಿಕೊಂಡಾಗ ಎಲ್ಲವನ್ನೂ ಬ್ರಿಟಿಷ್ ಮ್ಯೂಜಿಯಮಿಗೆ ಬಿಟ್ಟುಹೋದ. ಆದರೆ ಅವನು ಇನ್ನೊಂದು ತುದಿಗೆ ಹೋದ. ಜಗತ್ತಿನ ಮತಗಳೆಲ್ಲ ಸೃಷ್ಟಿಶಕ್ತಿಯ ಈ ಒಂದೇ ಆರಾಧನೆಯಿಂದ ಹೊರಟವು ಎಂದು ವಾದಿಸಿದ. ಮುಂಬಯಿಯ ಬಳಿಯ ಎಲಿಫೆಂಟಾದಿಂದ ತಂದುದೆಂದು ಹೇಳಿ ಇಂಗ್ಲೆಂಡಿಗೆ ಸಾಗಿಸಿದ್ದ ಒಂದು ಶಿಲ್ಪಖಂಡದ ಚಿತ್ರವನ್ನೂ ಆ ಗ್ರಂಥದಲ್ಲಿ ಸೇರಿಸಿದ.

ನಮ್ಮ ವಾಚಕರಿಗೂ ಈ ವೇಳೆಗೆ ಶಿವಲಿಂಗದ ನೆನಪು ಬಂದಿರಬಹುದು. ಹೋಲಿಕೆ ಸಹಜ, ಆದರೆ ಅಲ್ಲಿಗೆ ನಿಂತು ವಿಚಾರ ಮಾಡಬೇಕು. ಶಿವಲಿಂಗವು ಪರದೈವದ ಸಂಕೇತ. ಅದರ ಸುತ್ತ ಆಗಮ, ದರ್ಶನ, ಮಹಾದೇವಾಲಯಗಳು ಬೆಳೆದಿವೆ. ಪ್ರಿಯಾಪಸ್ ತೋಟದ ಮೂಲೆಯ ಕಾವಲುಗಾರ. ಭಕ್ತರೇ ಗೇಲಿ ಮಾಡುತ್ತಿದ್ದ ಕಿರುದೈವ. ರೂಪದಲ್ಲಿ ಕಂಡ ಒಂದು ಹೋಲಿಕೆಯಿಂದ ಎರಡರ ಅರ್ಥವೂ ಒಂದೇ ಎಂದು ಹೇಳಿಬಿಟ್ಟರೆ ಎರಡಕ್ಕೂ ಅನ್ಯಾಯ. ಒಂದು ವಸ್ತು ಎಲ್ಲಿ ನಿಂತಿತ್ತು, ಅದರ ಮುಂದೆ ಯಾರು ಏನನ್ನು ಬೇಡಿದರು ಎಂಬುದರಿಂದಲೇ ಅದರ ಅರ್ಥ ತಿಳಿಯಬೇಕು. ನೈಟನ ಸಿದ್ಧಾಂತ ಇಂದು ಒಪ್ಪಿಗೆಯಾಗದೆ ಉಳಿದಿರುವುದು ಈ ಕಾರಣಕ್ಕಾಗಿಯೇ.

ನೈಟ್ ಒಂದು ತುದಿಯಾದರೆ ನೇಪಲ್ಸಿನ ಅರಮನೆ ಇನ್ನೊಂದು ತುದಿ. ಹರ್ಕ್ಯುಲೇನಿಯಮಿನಲ್ಲಿ ೧೭೩೮ರಿಂದಲೂ ಪಾಂಪೇಯಲ್ಲಿ ೧೭೪೮ರಿಂದಲೂ ಅಗೆತ ನಡೆದು, ಮಣ್ಣಿನಡಿಯಿಂದ ಇಂತಹ ವಸ್ತುಗಳು ರಾಶಿರಾಶಿಯಾಗಿ ಹೊರಬಂದವು. ೧೮೧೯ರಲ್ಲಿ ಯುವರಾಜ ಫ್ರಾನ್ಸಿಸ್ ಹೆಂಡತಿ ಮತ್ತು ಮಗಳೊಡನೆ ನೇಪಲ್ಸಿನ ಸಂಗ್ರಹಾಲಯಕ್ಕೆ ಬಂದ. ನೋಡಿ ಮುಜುಗರಪಟ್ಟ. ಇಂತಹ ವಸ್ತುಗಳನ್ನೆಲ್ಲ ಒಂದು ಕೋಣೆಗೆ ಸೇರಿಸಿ ಬೀಗ ಹಾಕಬೇಕೆಂದೂ, ವಯಸ್ಸಿನಲ್ಲಿ ಬಲಿತು ನಡತೆಯಲ್ಲಿ ಒಳ್ಳೆಯವರೆನಿಸಿದವರಿಗೆ ಮಾತ್ರ ತೋರಿಸಬೇಕೆಂದೂ ಕಟ್ಟಳೆಯಾಯಿತು. ಇದೇ ಪ್ರಸಿದ್ಧವಾದ ಗುಪ್ತಕೋಣೆ. ೧೮೪೯ರಲ್ಲಿ ಅದರ ಬಾಗಿಲನ್ನು ಪೂರ್ತಿಯಾಗಿಯೇ ಮುಚ್ಚಿಸಿದರು. ೧೮೬೦ರಲ್ಲಿ ಗ್ಯಾರಿಬಾಲ್ಡಿ ನೇಪಲ್ಸನ್ನು ಹಿಡಿದಾಗ ಅದನ್ನು ತೆರೆಯಿಸಿದ. ಮುಂದೆ ಮತ್ತೆ ಮತ್ತೆ ಮುಚ್ಚಿ, ತೆರೆದು, ಅದು ಸಾರ್ವಜನಿಕರಿಗೆ ನಿಲುಗಡೆಯಾಗಿ ತೆರೆದದ್ದು ೨೦೦೦ದಲ್ಲಿ. ಲಂಡನ್ನಿನಲ್ಲಿಯೂ ಹೀಗೆಯೇ. ಜಾರ್ಜ್ ವಿಟ್ ಎಂಬ ವೈದ್ಯ ೧೮೬೫ರಲ್ಲಿ ತನ್ನ ಸಂಗ್ರಹವನ್ನು ಕೊಟ್ಟಾಗ ಬ್ರಿಟಿಷ್ ಮ್ಯೂಜಿಯಮ್ ಅದನ್ನು ಒಂದು ರಹಸ್ಯ ವಿಭಾಗದಲ್ಲಿಟ್ಟಿತು. ಇಪ್ಪತ್ತನೆಯ ಶತಮಾನದಲ್ಲಿ ಅದರ ವಸ್ತುಗಳು ಕ್ರಮೇಣ ತಮ್ಮ ತಮ್ಮ ದೇಶಕಾಲದ ವಿಭಾಗಗಳಿಗೆ ಹಿಂತಿರುಗಿದವು.

ಬೀಗ ಹಾಕಿದ್ದರಿಂದ ಆದ ನಷ್ಟವೇನು? ಮರ್ಯಾದೆ ಉಳಿಯಿತಲ್ಲ ಎಂದು ಕೇಳಬಹುದು. ನಷ್ಟ ಇಷ್ಟೆ: ಮಗುವಿನ ಕೊರಳಿನ ರಕ್ಷೆ, ಅಂಗಡಿಯ ಗಂಟೆ, ತೋಟದ ದೇವರು, ಸೂಳೆಗೇರಿಯ ಗೋಡೆಯ ಚಿತ್ರ, ಹೆಂಡದಂಗಡಿಯ ಹಾಸ್ಯ, ಇವೆಲ್ಲ ಒಂದೇ ಕೋಣೆಯಲ್ಲಿ ಒಟ್ಟಾಗಿ ಕುಳಿತವು. ಅಡಿಗೆಮನೆಯಿಂದ ಬಂದುದಾವುದು, ದೇವರಗೂಡಿನಿಂದ ಬಂದುದಾವುದು ಎಂಬ ಭೇದ ಮರೆಯಾಯಿತು. ಕದ್ದು ನೋಡುವ ವಸ್ತು ಎಂಬ ಒಂದೇ ಹೆಸರು ಎಲ್ಲಕ್ಕೂ ಅಂಟಿತು. ರೋಮನರೆಂದರೆ ಹಗಲಿರುಳೂ ಭೋಗದಲ್ಲಿ ಮುಳುಗಿದ್ದ ಜನ ಎಂಬ ಕಲ್ಪನೆ ಬಲವಾಗಲು ಇದೂ ಒಂದು ಕಾರಣ. ತನ್ನ ಹಸುಗೂಸು ಬದುಕಲೆಂದು ಕಟ್ಟಿದ ತಾಯಿತವನ್ನು ಪರರು ಅಶ್ಲೀಲವೆಂದು ಮುಚ್ಚಿಟ್ಟರೆಂದು ಕೇಳಿದ್ದರೆ ಆ ರೋಮನ್ ತಾಯಿಗೆ ಎಷ್ಟು ನೋವಾಗುತ್ತಿತ್ತೊ! ಹುಟ್ಟಿದ ಮಕ್ಕಳಲ್ಲಿ ಬಹುಮಂದಿ ಬಾಲ್ಯದಲ್ಲಿಯೇ ತೀರಿಹೋಗುತ್ತಿದ್ದ ಕಾಲ ಅದು. ಒಂದು ವರ್ಷದ ತೋಟ ಕೆಟ್ಟರೆ ಮನೆಯವರು ಉಪವಾಸ ಬೀಳುತ್ತಿದ್ದ ಕಾಲ. ಹುಟ್ಟು, ಬೆಳೆ, ಉಳಿವು, ಇವೇ ಆ ಜನರ ಮುಖ್ಯ ಚಿಂತೆಗಳಾಗಿದ್ದವು. ಪ್ರಿಯಾಪಸ್ ನಗಿಸುತ್ತಿದ್ದ, ಆದರೆ ಅವನಿಗೆ ವಹಿಸಿದ್ದ ಕೆಲಸ ನಗೆಯದಾಗಿರಲಿಲ್ಲ.

ಎಲ್ಲವನ್ನೂ ಎಲ್ಲರಿಗೂ ಎಲ್ಲ ವೇಳೆಯಲ್ಲಿಯೂ ತೋರಿಸಬೇಕೆಂದು ಇದರ ಅರ್ಥವಲ್ಲ. ರಿವೆರಿಯ ವಿಗ್ರಹವನ್ನು ಮಾಡಿದ ಕಂಚುಗಾರನೂ ಎಲ್ಲವನ್ನೂ ಬಯಲಿಗಿಡಲಿಲ್ಲ. ಅವನೂ ಒಂದು ಹೊದಿಕೆಯನ್ನು ಎರಕ ಹೊಯ್ದ. ವಿಗ್ರಹ ಸುಮ್ಮನೆ ನಿಂತಿರುವಾಗ ಅದು ಚಳಿಗೆ ಕೊಪ್ಪೆ ಹೊದ್ದ ಊರಿನವನಂತೆ ಕಾಣಬೇಕು. ಬೇಕಾದ ಹೊತ್ತಿಗೆ, ಬೇಕಾದ ಕೈ ಅದನ್ನು ಎತ್ತಿ ನೋಡಬೇಕು. ಮುಚ್ಚುವುದು, ತೆರೆಯುವುದು ಎರಡೂ ಅಲ್ಲಿ ಮನೆಯವರ ಕೈಯಲ್ಲಿಯೇ ಇದ್ದವು. ಅರಸನ ಬೀಗಕ್ಕೂ ಈ ಮುಚ್ಚಳಕ್ಕೂ ಇರುವ ವ್ಯತ್ಯಾಸ ಇದೇ.

ವಸ್ತುಸಂಗ್ರಹಾಲಯದಲ್ಲಿ ಇಂತಹ ವಿಗ್ರಹ ಎದುರಾದಾಗ ನಗುವುದಕ್ಕೆ ಅಡ್ಡಿಯಿಲ್ಲ, ರೋಮನರೂ ನಕ್ಕಿದ್ದಾರೆ. ನಕ್ಕ ಮೇಲೆ ಒಂದು ನಿಮಿಷ ನಿಂತು, ಇದು ಯಾರ ಮನೆಯಲ್ಲಿತ್ತು, ಯಾವ ತೋಟವನ್ನು, ಯಾವ ತೊಟ್ಟಿಲನ್ನು ಕಾಯುತ್ತಿತ್ತು ಎಂದು ಕೇಳಿದರೆ ಸಾಕು. ಎರಡು ಸಾವಿರ ವರ್ಷಗಳ ಹಿಂದೆ ತಮ್ಮ ಈರುಳ್ಳಿಯ ಮಡಿಯನ್ನೂ ತಮ್ಮ ಮಕ್ಕಳನ್ನೂ ಒಂದೇ ದೇವರ ಕೈಗೆ ಒಪ್ಪಿಸಿ ರಾತ್ರಿ ಮಲಗಿದ ಸಂಸಾರಸ್ಥರು ಆಗ ನಮಗೆ ಕಾಣುತ್ತಾರೆ.